ಉಂಗುರಕ್ಕೆ ವಜ್ರದ ಆಯ್ಕೆ: ನಿರ್ಮಲತೆ, ಸಾಣೆ ಮತ್ತು ಹೊಳಪು – ಗ್ರಾಹಕರ ಮಾಹಿತಿಗಾಗಿ

ನಿಶ್ಚಿತಾರ್ಥ, ವಿವಾಹ ಮುಂತಾದ ಶುಭ ಸಂದರ್ಭಗಳಲ್ಲಿ ವಜ್ರದ ಉಂಗುರವನ್ನು ಖರೀದಿಸುವ ವಾಡಿಕೆಯು ಈಗ ಮಧ್ಯಮ ವರ್ಗದ ಕುಟುಂಬಗಳಲ್ಲಿಯೂ ಕಂಡುಬರುತ್ತಿದೆ. ಚಿನ್ನದ ದರವು ಪ್ರತಿದಿನ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಅದರ ಪರಿಶುದ್ಧತೆಗೆ ಹಾಲ್‌ಮಾರ್ಕ್ ಇರುತ್ತದೆ. ವಜ್ರಕ್ಕೆ ಅಂತಹ ಏಕರೂಪದ ದರವಿಲ್ಲ. ಒಂದೇ ತೂಕದ ಎರಡು ಹರಳುಗಳ ಬೆಲೆಯಲ್ಲಿ ಎರಡು ಪಟ್ಟು ವ್ಯತ್ಯಾಸವಿರಬಹುದು. ಆ ವ್ಯತ್ಯಾಸಕ್ಕೆ ಕಾರಣವೇನೆಂದು ತಿಳಿಯದೆ ಹಣ ಪಾವತಿಸುವ ಗ್ರಾಹಕರು ಬಹುತೇಕ ಸಂದರ್ಭಗಳಲ್ಲಿ ಕಣ್ಣಿಗೆ ಕಾಣದ ಗುಣಕ್ಕೆ ಹೆಚ್ಚು ಬೆಲೆ ತೆತ್ತು, ಕಣ್ಣಿಗೆ ಕಾಣುವ ಹೊಳಪನ್ನು ಕಳೆದುಕೊಳ್ಳುತ್ತಾರೆ.

ಹೊಳಪು ಉಂಟಾಗುವ ಬಗೆ

ವಜ್ರದ ಹೊಳಪು ಹುಟ್ಟಿನಿಂದ ಬಂದದ್ದೆಂಬ ಭಾವನೆ ಸಾಮಾನ್ಯವಾಗಿದೆ. ಇದು ಅರ್ಧ ಸತ್ಯ ಮಾತ್ರ. ಗಣಿಯಿಂದ ತೆಗೆದ ಒರಟು ಹರಳು ಮಂಕಾಗಿಯೇ ಇರುತ್ತದೆ. ವ್ಯಾಪಾರದಲ್ಲಿ 'ಕಟ್' ಎಂದು ಕರೆಯಲಾಗುವ ಸಾಣೆಯ ಕ್ರಮವೇ ಅದಕ್ಕೆ ಬೆಳಕನ್ನು ಕೊಡುತ್ತದೆ. ವಜ್ರದ ವಕ್ರೀಭವನ ಸೂಚ್ಯಂಕವು ಸುಮಾರು 2.42, ಸಾಮಾನ್ಯ ಗಾಜಿನದು ಸುಮಾರು 1.5. ಈ ಕಾರಣದಿಂದ ಹರಳಿನೊಳಗೆ ಪ್ರವೇಶಿಸಿದ ಬೆಳಕು ಒಳಮೈಗೆ ಲಂಬದಿಂದ ಸುಮಾರು 24 ಡಿಗ್ರಿಗಿಂತ ಹೆಚ್ಚು ಓರೆಯಾಗಿ ತಾಗಿದಲ್ಲಿ ಹೊರಹೋಗದೆ ಪೂರ್ಣವಾಗಿ ಪ್ರತಿಫಲಿಸುತ್ತದೆ. ಕೆಳಭಾಗದ ಮುಖಗಳು ತಕ್ಕ ಕೋನದಲ್ಲಿದ್ದರೆ ಬೆಳಕು ಒಂದು ಬದಿಯಿಂದ ಇನ್ನೊಂದು ಬದಿಗೆ ಪುಟಿದು, ಮೇಲ್ಮುಖದ ಮೂಲಕ ನೋಡುಗರ ಕಣ್ಣಿಗೆ ಹಿಂದಿರುಗುತ್ತದೆ.

ದುಂಡು ವಜ್ರಕ್ಕೆ ಈ ಕೋನಗಳನ್ನು ಮಾರ್ಸೆಲ್ ಟೋಲ್ಕೋವ್ಸ್ಕಿ ಅವರು 1919ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಗಣಿತದ ಮೂಲಕ ನಿರೂಪಿಸಿದರು: ಮೇಲ್ಭಾಗಕ್ಕೆ ಸುಮಾರು 34.5 ಡಿಗ್ರಿ, ಕೆಳಭಾಗಕ್ಕೆ ಸುಮಾರು 40.75 ಡಿಗ್ರಿ. ಇಂದಿಗೂ ಉತ್ತಮ ಸಾಣೆಯ ದುಂಡು ಹರಳುಗಳು ಈ ಅಳತೆಗಳ ಆಸುಪಾಸಿನಲ್ಲಿಯೇ ಇರುತ್ತವೆ. ಕೆಳಭಾಗವು ಅತಿಯಾಗಿ ಸಮತಟ್ಟಾಗಿದ್ದಲ್ಲಿ ಬೆಳಕು ಕೆಳಗಿನಿಂದ ಸೋರಿಹೋಗಿ, ಮೇಲ್ಮುಖದೊಳಗೆ ಬೂದು ಬಣ್ಣದ ಉಂಗುರವೊಂದು ಕಾಣುತ್ತದೆ. ಇದನ್ನು ಮೀನುಗಣ್ಣೆಂದು ಕರೆಯಲಾಗುತ್ತದೆ. ಅತಿಯಾಗಿ ಆಳವಾಗಿದ್ದಲ್ಲಿ ನಡುಭಾಗವು ಮೊಳೆಯ ತಲೆಯಂತೆ ಕಪ್ಪಾಗುತ್ತದೆ. ಇಂತಹ ಹರಳಿನ ಒಳಗೆ ಒಂದು ಚುಕ್ಕೆಯೂ ಇಲ್ಲದಿದ್ದರೂ ಅದು ಹೊಳೆಯಲಾರದು.

ನಿರ್ಮಲತೆ ಎಷ್ಟು ಬೇಕು?

ನಿರ್ಮಲತೆ, ಅಂದರೆ 'ಕ್ಲ್ಯಾರಿಟಿ', ಹರಳಿನ ಒಳಗಿನ ಹಾಗೂ ಮೇಲ್ಮೈಯ ದೋಷಗಳ ಅಳತೆ. ಇದನ್ನು 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ ನಿರ್ಧರಿಸಲಾಗುತ್ತದೆ ಎಂಬ ಅಂಶವನ್ನು ಗ್ರಾಹಕರು ಮರೆಯಬಾರದು. ಪ್ರಮಾಣಪತ್ರಗಳಲ್ಲಿ ಎಫ್.ಎಲ್. ಎಂಬ ದೋಷರಹಿತ ದರ್ಜೆಯಿಂದ ಐ3ರವರೆಗೆ 11 ದರ್ಜೆಗಳಿವೆ. ವಿ.ವಿ.ಎಸ್. ಮತ್ತು ವಿ.ಎಸ್. ದರ್ಜೆಗಳ ನಡುವಿನ ವ್ಯತ್ಯಾಸವು ಬರಿಗಣ್ಣಿಗೆ ತಿಳಿಯುವುದಿಲ್ಲ. ಬೆಲೆಯಲ್ಲಿ ಮಾತ್ರ ಸ್ಪಷ್ಟವಾಗಿ ತಿಳಿಯುತ್ತದೆ. ಎಸ್.ಐ. ದರ್ಜೆಯ ಹರಳುಗಳನ್ನು ಒಂದೊಂದಾಗಿ ನೋಡಿಯೇ ನಿರ್ಧರಿಸಬೇಕು. ಐ ದರ್ಜೆಯಲ್ಲಿ ದೋಷಗಳು ಸಾಮಾನ್ಯವಾಗಿ ಕಣ್ಣಿಗೆ ಕಾಣುತ್ತವೆ.

ನಮ್ಮ ಹಿರಿಯರು ವಜ್ರದಲ್ಲಿ ಬಿಂದು, ರೇಖೆ, ಕಾಕಪಾದ ಮುಂತಾದ ದೋಷಗಳನ್ನು ಎಣಿಸುತ್ತಿದ್ದರು. ಆ ನಂಬಿಕೆಯ ಕಾರಣದಿಂದ ನಿರ್ಮಲ ಹರಳನ್ನೇ ಬಯಸುವ ಕುಟುಂಬಗಳಿಗೆ ಅದು ಅವರವರ ಆಯ್ಕೆ. ಆದರೆ ಹೊಳಪಿನ ದೃಷ್ಟಿಯಿಂದ ಹೇಳುವುದಾದರೆ, ಅಂಚಿನಲ್ಲಿರುವ ಒಂದು ಸಣ್ಣ ಬಿಂದುವಿನಿಂದ ಯಾವ ಬಾಧಕವೂ ಇಲ್ಲ. ಚಿನ್ನದ ಕಾಲು ಅದನ್ನು ಮರೆಮಾಡುವುದೂ ಉಂಟು. ಹೊಳಪಿಗೆ ನಿಜವಾಗಿ ಧಕ್ಕೆ ತರುವುವು ಎರಡು: ಹರಳಿನ ತುಂಬ ಹಾಲಿನಂತೆ ಹರಡಿರುವ ಮೋಡ, ಮತ್ತು ಮೇಲ್ಮುಖದ ಅಡಿಯಲ್ಲಿದ್ದು ಒಳಮುಖಗಳಲ್ಲಿ ಪ್ರತಿಬಿಂಬಿಸಿ ಹಲವಾಗಿ ಕಾಣುವ ಕಪ್ಪು ಚುಕ್ಕೆ. ನಡುಪಟ್ಟಿಯವರೆಗೆ ಬಂದಿರುವ ಬಿರುಕು ಬೇರೆಯೇ ವಿಷಯ. ಉಂಗುರವು ಕೈಯಲ್ಲಿರುವ ಒಡವೆಯಾದುದರಿಂದ ಬಾಗಿಲು, ಪಾತ್ರೆಗಳಿಗೆ ತಾಗುತ್ತಲೇ ಇರುತ್ತದೆ. ವಜ್ರವು ಗೀರಿಗೆ ಜಗ್ಗದಿದ್ದರೂ ಪೆಟ್ಟಿಗೆ ಸೀಳಬಲ್ಲದು.

ಆದುದರಿಂದ ಖರ್ಚಿಗೆ ಮಿತಿಯಿರುವ ಗ್ರಾಹಕರು ನಿರ್ಮಲತೆಯಲ್ಲಿ ಒಂದೆರಡು ದರ್ಜೆ ಇಳಿದು, ಸಾಣೆಯಲ್ಲಿ ಇಳಿಯದಿರುವುದು ಲೇಸು.

ತೂಕದೊಳಗಿನ ಲೆಕ್ಕ

ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಒಂದು ಸೆಂಟ್ ಎಂದರೆ ಅದರ ನೂರನೇ ಒಂದು ಭಾಗ, 2 ಮಿಲಿಗ್ರಾಂ. (ಚಿನ್ನದ 18 ಕ್ಯಾರೆಟ್, 22 ಕ್ಯಾರೆಟ್ ಎಂಬುದು ಪರಿಶುದ್ಧತೆಯ ಅಳತೆಯೇ ಹೊರತು ತೂಕವಲ್ಲ.) ವಜ್ರದ ಪ್ರತಿ ಕ್ಯಾರೆಟ್ ದರವು 50 ಸೆಂಟ್, 1 ಕ್ಯಾರೆಟ್ ಮುಂತಾದ ಘಟ್ಟಗಳಲ್ಲಿ ಒಮ್ಮೆಲೇ ಏರುತ್ತದೆ. ಆ ಘಟ್ಟವನ್ನು ಮುಟ್ಟಿಸುವ ಸಲುವಾಗಿ ಕೆಲವು ಹರಳುಗಳ ಹೊಟ್ಟೆಯನ್ನು ಆಳವಾಗಿಯೂ ನಡುಪಟ್ಟಿಯನ್ನು ದಪ್ಪವಾಗಿಯೂ ಉಳಿಸಲಾಗುತ್ತದೆ. ಉತ್ತಮ ಸಾಣೆಯ 1 ಕ್ಯಾರೆಟ್ ದುಂಡು ಹರಳಿನ ವ್ಯಾಸವು ಸುಮಾರು 6.5 ಮಿ.ಮೀ. ಇರುತ್ತದೆ. ಅದೇ ತೂಕದ ಹರಳು 6.1 ಮಿ.ಮೀ. ಮಾತ್ರ ಇದ್ದಲ್ಲಿ, ಉಳಿದ ತೂಕವು ಉಂಗುರದ ಚಿನ್ನದೊಳಗೆ ಹುದುಗಿದೆ ಎಂದೇ ಅರ್ಥ. ಗ್ರಾಹಕರು ಅದಕ್ಕೂ ಪೂರ್ಣ ದರವನ್ನೇ ಪಾವತಿಸಿರುತ್ತಾರೆ. ಪ್ರಮಾಣಪತ್ರದಲ್ಲಿ ಮಿಲಿಮೀಟರ್ ಅಳತೆಗಳು ನಮೂದಾಗಿರುತ್ತವೆ. ಓದುವ ತಾಳ್ಮೆ ಬೇಕು, ಅಷ್ಟೇ.

ಅಂಗಡಿಯಲ್ಲಿ ಗಮನಿಸತಕ್ಕ ಅಂಶಗಳು

ಆಭರಣ ಮಳಿಗೆಗಳ ಚುರುಕಾದ ದೀಪಗಳ ಕೆಳಗೆ ಸಾಧಾರಣ ಹರಳೂ ಬಣ್ಣದ ಕಿಡಿಗಳನ್ನು ಚೆಲ್ಲುತ್ತದೆ. ಹರಳನ್ನು ಕಿಟಕಿಯ ಬಳಿಗೆ, ಅನಂತರ ನೆರಳಿಗೆ ಒಯ್ದು, ನಿಧಾನವಾಗಿ ಅಲುಗಿಸಿ ನೋಡಲು ಅನುಮತಿ ಕೇಳಬೇಕು. ನೆರಳಿನಲ್ಲಿಯೂ ಜೀವಂತವಾಗಿರುವುದು ಒಳ್ಳೆಯ ಸಾಣೆಯ ಲಕ್ಷಣ. ಜಿ.ಐ.ಎ. ಸಂಸ್ಥೆಯು 2006ರಿಂದ ದುಂಡು ಹರಳುಗಳಿಗೆ ಎಕ್ಸಲೆಂಟ್‌ನಿಂದ ಪೂರ್‌ವರೆಗೆ ಸಾಣೆಯ ದರ್ಜೆಯನ್ನು ನೀಡುತ್ತಿದೆ. ಪ್ರಮಾಣಪತ್ರದಲ್ಲಿ ಪಾಲಿಶ್ ಮತ್ತು ಸಿಮೆಟ್ರಿ ದರ್ಜೆಗಳು ಮಾತ್ರ ಇದ್ದಲ್ಲಿ ಅವುಗಳನ್ನೇ ಸಾಣೆಯ ದರ್ಜೆಯೆಂದು ಭಾವಿಸಬಾರದು. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಕ್ಕೂ ಹೊಳಪಿನ ನಿಯಮಗಳು ಇವೇ ಆಗಿವೆ. ಬೆಲೆ ಬಹಳ ಕಡಿಮೆಯಾದುದರಿಂದ ಹರಳು ಯಾವ ಬಗೆಯದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳತಕ್ಕದ್ದು.

ಉಂಗುರದ ಮೇಲಿನ ಬಿ.ಐ.ಎಸ್. ಹಾಲ್‌ಮಾರ್ಕ್ ಮತ್ತು ಆರು ಅಕ್ಷರಾಂಕಗಳ ಹೆಚ್.ಯು.ಐ.ಡಿ. ಸಂಖ್ಯೆಯು ಚಿನ್ನಕ್ಕೆ ಮಾತ್ರ ಸಂಬಂಧಿಸಿದ್ದು, ವಜ್ರದ ಗುಣಮಟ್ಟಕ್ಕೆ ಅದು ಯಾವುದೇ ಖಾತರಿಯಲ್ಲ. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ವಜ್ರದ ತೂಕ, ದರ್ಜೆ ಹಾಗೂ ಪ್ರಮಾಣಪತ್ರದ ಸಂಖ್ಯೆಯನ್ನು ಪ್ರತ್ಯೇಕವಾಗಿ ನಮೂದಿಸಲು ಕೇಳಬೇಕು.

ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಅಡುಗೆ ಮನೆಯ ಎಣ್ಣೆ, ಸಾಬೂನಿನ ಪಸೆ ಹರಳಿನ ಕೆಳಭಾಗದಲ್ಲಿ ಕುಳಿತರೆ ಅತ್ಯುತ್ತಮ ಸಾಣೆಯೂ ಮಂಕಾಗುತ್ತದೆ. ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನು ಮತ್ತು ಮೃದುವಾದ ಬ್ರಷ್‌ನಿಂದ ಹಿಂಬದಿಯನ್ನು ಆಗಾಗ್ಗೆ ಸ್ವಚ್ಛಗೊಳಿಸಿದರೆ ಸಾಕು.

ಹೇಳಿದ ದರ್ಜೆಯ ಹರಳನ್ನು ನೀಡದಿದ್ದಲ್ಲಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿಗೆ ದೂರು ನೀಡಬಹುದು. ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲು ವ್ಯಾಜ್ಯಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿರುತ್ತದೆ. ದೂರಿನೊಂದಿಗೆ ಬಿಲ್ಲು ಮತ್ತು ಪ್ರಮಾಣಪತ್ರದ ಪ್ರತಿಗಳನ್ನು ಲಗತ್ತಿಸತಕ್ಕದ್ದು.