ತೇಲಿಸುವುದು ಬೆಂಡು, ತಾಳುವುದು ಸಿಪ್ಪೆ



ಜೋಳದ ದಂಟು ಸುಲಿದು ನೋಡಿದ್ದೀರಾ? ಸೊಲ್ಲಾಪುರ, ಜತ್ತ, ಆದವಾನಿ ಕಡೆಯ ಮಕ್ಕಳಿಗೆ ಇದು ಹೊಸತಲ್ಲ. ಒಣಗಿದ ದಂಟಿನ ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಹಗುರವಾದ ಬಿಳಿ ಬೆಂಡು. ಬೆಂಡನ್ನು ಮಾತ್ರ ತೆಗೆದು ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಸಿಪ್ಪೆಯ ಒಂದು ಸೀಳನ್ನು ಮಾತ್ರ ಹಿಡಿದರೆ ಬೇಕಾದ ಹಾಗೆ ಬಳುಕುತ್ತದೆ. ಎರಡೂ ಒಟ್ಟಿಗಿದ್ದಾಗ ಆಳೆತ್ತರದ ದಂಟು ತೆನೆಯ ಭಾರ ಹೊತ್ತು ಗಾಳಿಗೂ ನಿಲ್ಲುತ್ತದೆ. ಕಾಸರಗೋಡಿನ ಕಡೆಯವರು ಮರಗೆಣಸಿನ ದಂಟನ್ನು ಅಡ್ಡ ಕತ್ತರಿಸಿ ನೋಡಿ. ಅಲ್ಲೂ ನಡುವೆ ಬೆಂಡು, ಸುತ್ತ ಗಟ್ಟಿ ಭಾಗ.

ಇದೇ ಉಪಾಯದಿಂದ ಮಾಡುವ ಒಂದು ವಸ್ತುವನ್ನು ಈ ಸಲ ನೋಡೋಣ. ಅದರ ಹೆಸರು ಪ್ಯಾಡಲ್‌ಬೋರ್ಡ್. ನೀರಿನ ಮೇಲೆ ಉದ್ದನೆಯ ಹಲಗೆ, ಅದರ ಮೇಲೆ ನಿಂತ ಮನುಷ್ಯ, ಕೈಯಲ್ಲಿ ಉದ್ದದ ಹುಟ್ಟು. ಹವಾಯಿ ದ್ವೀಪಗಳಿಂದ ಹರಡಿದ ಈ ಆಟ ಈಗ ನಮ್ಮ ಮೂಲ್ಕಿಯ ಶಾಂಭವಿ ಹೊಳೆಯಲ್ಲೂ ಕಾಣಸಿಗುತ್ತದೆ. ಅಂಗಡಿಯ ಹಲಗೆಗೆ ಬೆಲೆ ಹೆಚ್ಚು. ಹಾಗಾಗಿ ಥರ್ಮಾಕೋಲ್‌ನಿಂದ ಮನೆಯಲ್ಲೇ ಮಾಡಿಕೊಳ್ಳುವವರಿದ್ದಾರೆ. ಥರ್ಮಾಕೋಲ್ ತೇಲುವುದೇನೋ ತೇಲುತ್ತದೆ. ಆದರೆ ಹೊಳೆಯ ನಡುವೆ ಅದು ಎರಡು ತುಂಡಾದರೆ? ಹಾಗಂತ ಗಟ್ಟಿ ಮಾಡುತ್ತಾ ಹೋಗಿ, ಎತ್ತಲಾಗದಷ್ಟು ಭಾರವಾದರೆ?

ಮೊದಲು ತೇಲುವ ಲೆಕ್ಕ

3.2 ಮೀಟರ್ ಉದ್ದ, 80 ಸೆಂ.ಮೀ. ಅಗಲ, 12 ಸೆಂ.ಮೀ. ದಪ್ಪದ ಹಲಗೆಯನ್ನು ಯೋಚಿಸಿ. ತುದಿಗಳು ಚೂಪಾಗಿ, ಅಂಚುಗಳು ದುಂಡಾಗಿ ಇರುವುದರಿಂದ ಅದರ ಗಾತ್ರ ಸುಮಾರು 200 ಲೀಟರ್ ಎನ್ನೋಣ. ಆರ್ಕಿಮಿಡೀಸ್ ತತ್ವ ನೆನಪಿದೆಯಲ್ಲ? ಪೂರ್ತಿ ಮುಳುಗಿದರೆ ಅದು 200 ಕಿಲೋ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಹಲಗೆಯದ್ದು 10 ಕಿಲೋ, ನಿಂತವರದ್ದು 60 ಕಿಲೋ ಆದರೆ 70 ಲೀಟರಿನಷ್ಟು ಭಾಗ ಮಾತ್ರ ಮುಳುಗಿದರೆ ಸಾಕು. ಅಂದರೆ 6 ಸೆಂ.ಮೀ. ದಪ್ಪದ, 100 ಲೀಟರಿನ ಹಲಗೆಯೂ ತೇಲುತ್ತಿತ್ತು. ಹಾಗಾದರೆ 12 ಸೆಂ.ಮೀ. ಯಾಕೆ? ಉತ್ತರ ಸ್ವಲ್ಪ ಮುಂದೆ ಸಿಗುತ್ತದೆ.

ಬಾಗುವಾಗ ಒಳಗೆ ಏನಾಗುತ್ತದೆ?

ಉಜ್ಜುವ ರಬ್ಬರಿನ ಬದಿಯಲ್ಲಿ ಪೆನ್ನಿನಿಂದ ನೇರ ಗೀಟುಗಳನ್ನು ಎಳೆದು, ಎರಡೂ ತುದಿ ಮೇಲೆ ಬರುವಂತೆ ಬಗ್ಗಿಸಿ. ಮೇಲ್ಬದಿಯಲ್ಲಿ ಗೀಟುಗಳು ಹತ್ತಿರ ಬರುತ್ತವೆ, ಕೆಳಬದಿಯಲ್ಲಿ ದೂರ ಸರಿಯುತ್ತವೆ. ನಡುವಿನಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಹಲಗೆಯ ನಡುವೆ ನಾವು ನಿಂತಾಗಲೂ ಹೀಗೆಯೇ. ನಮ್ಮ ಭಾರ ಒಂದೇ ಕಡೆ ಕೆಳಕ್ಕೆ, ನೀರಿನ ತಳ್ಳುವಿಕೆ ಉದ್ದಕ್ಕೂ ಮೇಲಕ್ಕೆ. ಮೇಲಿನ ಮೈ ಅಮುಕಿಕೊಳ್ಳುತ್ತದೆ, ಕೆಳಗಿನ ಮೈ ಎಳೆಯಲ್ಪಡುತ್ತದೆ. ಬರಿಯ ಥರ್ಮಾಕೋಲ್ ಎಳೆತಕ್ಕೆ ಬಹಳ ದುರ್ಬಲ. ಕೆಳಗೆ ಒಂದು ಬಿರುಕು ಬಿಟ್ಟರೆ ಸಾಕು, ಅದು ಕ್ಷಣದಲ್ಲಿ ಮೇಲಿನವರೆಗೂ ಓಡುತ್ತದೆ.

ಹಾಗಿದ್ದರೆ ಬಲ ಕೊಡಬೇಕಾದ್ದು ಎಲ್ಲಿ? ಮೇಲಿನ ಮತ್ತು ಕೆಳಗಿನ ಮೈಗೆ. ನಡುವಿನ ಬೆಂಡಿನ ಕೆಲಸ ಆ ಎರಡು ಪದರಗಳನ್ನು ದೂರ ಹಿಡಿಯುವುದು ಮತ್ತು ಅವು ಒಂದರ ಮೇಲೊಂದು ಜಾರದಂತೆ ತಡೆಯುವುದು. ಪುಸ್ತಕ ಬಗ್ಗಿಸಿದಾಗ ಹಾಳೆಗಳು ಜಾರುವುದನ್ನು ನೋಡಿದ್ದೀರಿ. ಎಲ್ಲ ಹಾಳೆಗಳಿಗೂ ಅಂಟು ಹಚ್ಚಿಬಿಟ್ಟರೆ ಅದೇ ಪುಸ್ತಕ ಹಲಗೆಯಾಗುತ್ತದೆ!

ತೂಕ ಎಲ್ಲಿ ಹಾಕಬೇಕು?

ಹಲಗೆಗೆ ಹೊದಿಸುವುದು ಗಾಜಿನ ನಾರಿನ ಬಟ್ಟೆ, ಅಂದರೆ ಫೈಬರ್‌ಗ್ಲಾಸ್. ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆ, ಅದಕ್ಕೆ ಅಷ್ಟೇ ತೂಕದ ರಾಳ ಎಂದಿಟ್ಟುಕೊಳ್ಳಿ. ಹಲಗೆಯ ಹೊರಮೈ ಸುಮಾರು 4.5 ಚದರ ಮೀಟರ್. ಸುತ್ತಲೂ ಒಂದು ಪದರಕ್ಕೆ 1.8 ಕಿಲೋ ಆಯಿತು. ಘನ ಮೀಟರಿಗೆ 20 ಕಿಲೋ ತೂಗುವ ಥರ್ಮಾಕೋಲ್ ಆದರೆ 6 ಸೆಂ.ಮೀ. ದಪ್ಪಕ್ಕೆ 2 ಕಿಲೋ, 12 ಸೆಂ.ಮೀ.ಗೆ 4 ಕಿಲೋ.

ಈಗ ಹೋಲಿಸಿ. ಒಂದು ಪದರದ ಬದಲು ಎರಡು ಪದರ ಹಾಕಿದರೆ 1.8 ಕಿಲೋ ಹೆಚ್ಚುತ್ತದೆ, ಬಾಗದಿರುವ ಗುಣ ಎರಡು ಪಟ್ಟಾಗುತ್ತದೆ. ಬೆಂಡಿನ ದಪ್ಪವನ್ನು ಎರಡು ಪಟ್ಟು ಮಾಡಿದರೆ 2 ಕಿಲೋ ಹೆಚ್ಚುತ್ತದೆ, ಆದರೆ ಬಾಗದಿರುವ ಗುಣ ಸುಮಾರು ನಾಲ್ಕು ಪಟ್ಟಾಗುತ್ತದೆ. ಯಾಕೆಂದರೆ ಅದು ಪದರಗಳ ನಡುವಿನ ಅಂತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. 12 ಸೆಂ.ಮೀ. ಯಾಕೆ ಅಂತ ಈಗ ಗೊತ್ತಾಯಿತಲ್ಲ?

ಉಳಿದ ಬಲವನ್ನು ಬೇಕಾದ ಕಡೆ ಮಾತ್ರ ಕೊಡಬೇಕು. ನಿಲ್ಲುವ ಜಾಗದಲ್ಲಿ ಹಿಮ್ಮಡಿ ಊರಿ ಗುಳಿ ಬೀಳುತ್ತದೆ, ಮೇಲಿನ ಪದರ ಅಮುಕಿಕೊಂಡು ಸುಕ್ಕಾಗುವುದೂ ಅಲ್ಲೇ. ಅಲ್ಲಿಗೆ ಒಂದು ಚದರ ಮೀಟರಿನಷ್ಟು ಹೆಚ್ಚುವರಿ ತೇಪೆ ಸಾಕು, 400 ಗ್ರಾಂ ಅಷ್ಟೆ.

ಇನ್ನೊಂದು ಉಪಾಯ ಬೆನ್ನೆಲುಬು. ಥರ್ಮಾಕೋಲನ್ನು ಉದ್ದಕ್ಕೆ ಸೀಳಿ, ನಡುವೆ 4 ಮಿ.ಮೀ. ದಪ್ಪದ ಮರದ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಅಂಟಿಸುತ್ತಾರೆ. ಮಲಗಿಸಿ ಅಲ್ಲ, ನಿಲ್ಲಿಸಿಯೇ! 3 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪದ ಸ್ಕೇಲನ್ನು ಮಲಗಿಸಿ ಬಗ್ಗಿಸಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಿ ನೋಡಿ. ನಿಂತಾಗ ಅದು 225 ಪಟ್ಟು ಹೆಚ್ಚು ಬಿಗಿ. 30ನ್ನು 2ರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿದರೆ ಈ ಸಂಖ್ಯೆ ಸಿಗುತ್ತದೆ. ಪಟ್ಟಿಯ ತೂಕ ಮುಕ್ಕಾಲು ಕಿಲೋದಷ್ಟು.

ಬೆಂಡು 4 ಕಿಲೋ, ಎರಡು ಪದರ 3.6 ಕಿಲೋ, ಬೆನ್ನೆಲುಬು ಮತ್ತು ತೇಪೆ ಸೇರಿ ಸುಮಾರು 1.2 ಕಿಲೋ. ಬಣ್ಣ, ಕೆಳಗಿನ ರೆಕ್ಕೆ ಸೇರಿದರೂ ಹತ್ತು ಕಿಲೋದ ಆಸುಪಾಸು. ಇದೇ ಗಾತ್ರದ ಹಲಗೆಯನ್ನು ನೀರಿನ ಅರ್ಧ ಸಾಂದ್ರತೆಯ ಗಟ್ಟಿ ಮರದಲ್ಲಿ ಮಾಡಿದ್ದರೆ ನೂರು ಕಿಲೋ! ಭಾರವಾದ ಮರದ ಹಲಗೆಗಳ ಕಾಲದಲ್ಲೇ, 1920ರ ದಶಕದ ಕೊನೆಯಲ್ಲಿ, ಅಮೆರಿಕದ ಟಾಮ್ ಬ್ಲೇಕ್ ಎಂಬವರು ಹಲಗೆಗೆ ಮೇಲಿಂದ ಕೆಳಕ್ಕೆ ತೂತುಗಳನ್ನು ಕೊರೆದು, ಎರಡೂ ಕಡೆ ತೆಳು ಮರದ ಪದರ ಹೊದಿಸಿದರು. ಟೊಳ್ಳು ಹಲಗೆಗೆ 1932ರಲ್ಲಿ ಪೇಟೆಂಟನ್ನೂ ಪಡೆದರು. ನಡುವಿನ ತೂಕ ತೆಗೆ, ಹೊರಮೈ ಉಳಿಸು ಎಂಬ ಉಪಾಯ ಅವರದ್ದೂ.

ರಾಳ ಮತ್ತು ಬಿಸಿಲು

ರಾಳದ ಆಯ್ಕೆಯಲ್ಲಿ ಎಚ್ಚರ ಬೇಕು. ಪಾಲಿಯೆಸ್ಟರ್ ರಾಳ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಎಪಾಕ್ಸಿ ರಾಳ ಕರಗಿಸುವುದಿಲ್ಲ. ಬಟ್ಟೆ ಒದ್ದೆಯಾಗುವಷ್ಟು ರಾಳ ಸಾಕು, ಮೇಲೆ ನಿಂತ ರಾಳ ಬರೀ ತೂಕ. ಒಳಗೆ ಗಾಳಿಗುಳ್ಳೆ ಉಳಿದ ಕಡೆ ಪದರ ಬೆಂಡಿಗೆ ಅಂಟಿರುವುದಿಲ್ಲ, ಮೊದಲು ಸೋಲುವುದು ಆ ಜಾಗವೇ.

ಮುಗಿದ ಹಲಗೆಯನ್ನು ಬಿಸಿಲಲ್ಲಿ ಬಿಡಬಾರದು. ಒಳಗಿನ ಗಾಳಿ 27 ಡಿಗ್ರಿಯಿಂದ 57 ಡಿಗ್ರಿಗೆ ಕಾದರೆ, ಕೆಲ್ವಿನ್ ಲೆಕ್ಕದಲ್ಲಿ 300ರಿಂದ 330. ಹಿಗ್ಗಲು ಜಾಗವಿಲ್ಲದಿದ್ದರೆ ಒತ್ತಡ ಶೇಕಡಾ 10ರಷ್ಟು ಏರಿ ಪದರವನ್ನು ಎಬ್ಬಿಸುತ್ತದೆ. ಅದಕ್ಕೇ ಇಂಥ ಹಲಗೆಗಳಲ್ಲಿ ಗಾಳಿ ಬಿಡುವ ಸಣ್ಣ ತಿರುಪು ಇಡುತ್ತಾರೆ, ತಿಳಿ ಬಣ್ಣ ಬಳಿಯುತ್ತಾರೆ.

ಮಾಡಿ ನೋಡಿ

1 ಸೆಂ.ಮೀ. ದಪ್ಪದ ಥರ್ಮಾಕೋಲ್ ಹಾಳೆಯಿಂದ 40 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ನಾಲ್ಕು ಪಟ್ಟಿ ಕತ್ತರಿಸಿ. ಮೊದಲನೆಯದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಮೇಲ್ಬದಿ ಮಾತ್ರ, ಮೂರನೆಯದಕ್ಕೆ ಕೆಳಬದಿ ಮಾತ್ರ, ನಾಲ್ಕನೆಯದಕ್ಕೆ ಎರಡೂ ಬದಿ ಪುಸ್ತಕಕ್ಕೆ ಹಾಕುವ ಕಂದು ಬೈಂಡ್ ಕಾಗದವನ್ನು ಬಿಳಿ ಫೆವಿಕಾಲ್‌ನಿಂದ ಅಂಟಿಸಿ, ಒಂದು ದಿನ ಒಣಗಿಸಿ. 30 ಸೆಂ.ಮೀ. ಅಂತರದ ಎರಡು ಇಟ್ಟಿಗೆಗಳ ಮೇಲೆ ಪಟ್ಟಿ ಇಟ್ಟು, ನಡುವಿನಿಂದ ಒಂದು ಡಬ್ಬಿ ತೂಗುಹಾಕಿ. ಅಳತೆ ಲೋಟದಿಂದ ನೀರು ಹಾಕುತ್ತಾ ಹೋಗಿ; 1 ಮಿ.ಲೀ. ಅಂದರೆ 1 ಗ್ರಾಂ. ಎಷ್ಟಕ್ಕೆ ಮುರಿಯಿತು, ಮೇಲೆ ಸುಕ್ಕಾಯಿತೋ ಕೆಳಗೆ ಬಿರಿಯಿತೋ ಬರೆದಿಡಿ. ಮುರಿಯಲು ಬೇಕಾದ ಭಾರವನ್ನು ಪಟ್ಟಿಯ ತೂಕದಿಂದ ಭಾಗಿಸಿದರೆ ಯಾವುದು ನಿಜವಾಗಿ ಗೆದ್ದಿತು ಅಂತ ತಿಳಿಯುತ್ತದೆ. ಒಂದೇ ಬದಿಗೆ ಕಾಗದ ಹಚ್ಚುವುದಾದರೆ ಯಾವ ಬದಿಗೆ ಹಚ್ಚುತ್ತೀರಿ? ಅಂಟಿಸುವ ಮೊದಲೇ ಊಹೆ ಬರೆದಿಡಿ.

ಈ ಪ್ರಯೋಗಕ್ಕೆ ಹೊಳೆ ಬೇಡ, ತರಗತಿಯ ಬೆಂಚು ಸಾಕು. ನಿಜವಾದ ಹಲಗೆ ಮಾಡುವುದಿದ್ದರೆ ರಾಳದ ಕೆಲಸ ದೊಡ್ಡವರ ಜೊತೆಯಲ್ಲಿ, ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡೇ ಆಗಬೇಕು. ಉಜ್ಜುವಾಗ ಏಳುವ ಗಾಜಿನ ದೂಳು ಶ್ವಾಸಕೋಶಕ್ಕೆ ಹೋಗಬಾರದು, ಮುಖಕ್ಕೆ ಮಾಸ್ಕ್ ಬೇಕು. ಹೊಸ ಹಲಗೆಯ ಮೊದಲ ಪರೀಕ್ಷೆ ನೆಲದ ಮೇಲೆ: ಎರಡು ತುದಿಗೆ ಆಧಾರ ಕೊಟ್ಟು, ನಡುವೆ ಮರಳು ಚೀಲ ಹೇರಿ. ಎರಡನೆಯದು ಮೊಣಕಾಲುದ್ದದ ನಿಂತ ನೀರಿನಲ್ಲಿ. ಹಲಗೆ ಎಷ್ಟೇ ಗಟ್ಟಿಯಿರಲಿ, ಜೀವರಕ್ಷಕ ಜಾಕೆಟ್ ಇಲ್ಲದೆ, ಈಜು ಬಲ್ಲ ದೊಡ್ಡವರು ಜೊತೆಗಿಲ್ಲದೆ ನೀರಿಗೆ ಇಳಿಯಬೇಡಿ. ಮಳೆಗಾಲದ ಹೊಳೆಗಂತೂ ಬೇಡವೇ ಬೇಡ.