ನಡುಗಡ್ಡೆಗೆ ಯಾವ ಚಾಕು?

ಕಬಿನಿಯೂ ಕೆ.ಆರ್.ಎಸ್. ಕೂಡ ಒಟ್ಟಿಗೆ ತುಂಬಿ ನೀರು ಬಿಟ್ಟವೆಂದರೆ ಕೊಳ್ಳೇಗಾಲ ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೆ ನಿದ್ದೆಯಿಲ್ಲ. 2019ರ ಆಗಸ್ಟ್‌ನಲ್ಲಿ ದಾಸನಪುರ, ಮುಳ್ಳೂರು, ಹಳೆ ಹಂಪಾಪುರ, ಹಳೆ ಅಣಗಳ್ಳಿಗೆ ಕಾವೇರಿ ನುಗ್ಗಿದಳು. ಯಡಕುರಿಯದಂಥ ಊರಿಗೆ ಹೊಳೆ ಏರಿದಾಗ ಹೊರಗಿನ ದಾರಿಯೇ ಮುಚ್ಚಿಹೋಗುತ್ತದೆ. ಯಳಂದೂರು ತಾಲ್ಲೂಕಿನ ಅಗರ, ಮಾಂಬಳ್ಳಿ ಕಡೆಯವರಿಗೆ ಇದು ದೂರದ ಸುದ್ದಿಯಲ್ಲ. ಸುವರ್ಣಾವತಿ ನಮ್ಮ ಗದ್ದೆಗಳನ್ನು ದಾಟಿ ಹೋಗಿ ಸೇರುವುದು ಅದೇ ಕಾವೇರಿಯನ್ನೇ.

ಜನರಿಲ್ಲದ ದ್ವೀಪದಲ್ಲಿ ಸಿಕ್ಕಿಕೊಂಡರೆ ಜೇಬಿನಲ್ಲಿ ಯಾವ ಚಾಕು ಇರಬೇಕು ಎಂಬ ಪ್ರಶ್ನೆ ಸಾಹಸಪ್ರಿಯರ ಹರಟೆಯದು ಅನ್ನಿಸಬಹುದು. ನಡುಗಡ್ಡೆಗಳ ಸೀಮೆಯಲ್ಲಿ ಬದುಕುವ ನಮಗೆ ಅದು ಅಷ್ಟು ಹಗುರದ ಪ್ರಶ್ನೆಯಲ್ಲ. ಶಿವನಸಮುದ್ರವೇ ಒಂದು ನಡುಗಡ್ಡೆ. ಕಾವೇರಿ ಅಲ್ಲಿ ಎರಡಾಗಿ ಒಡೆದು ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತಾಳೆ. ಕೆಳಗೆ ಕಾಡಿನೊಳಗೂ ಹೊಳೆಯ ನಡುವೆ ಸಣ್ಣಪುಟ್ಟ ಗಡ್ಡೆಗಳಿವೆ. ಕಡಲ ಕಡೆಗೆ ಹೋದರೆ ಮಲ್ಪೆಯ ಎದುರು ಸೇಂಟ್ ಮೇರೀಸ್, ಮುರುಡೇಶ್ವರದ ಎದುರು ನೇತ್ರಾಣಿ. ಎರಡರಲ್ಲೂ ಜನವಸತಿಯಿಲ್ಲ.

ನಿಜವಾಗಿಯೂ ಹೀಗೆ ಬದುಕಿ ಬಂದವನೊಬ್ಬನಿದ್ದಾನೆ. ಸ್ಕಾಟ್ಲೆಂಡಿನ ನಾವಿಕ ಅಲೆಕ್ಸಾಂಡರ್ ಸೆಲ್‌ಕರ್ಕ್. 1704ರಲ್ಲಿ ಹಡಗಿನ ಕಪ್ತಾನನ ಜೊತೆ ಜಗಳವಾಡಿ, ಚಿಲಿ ದೇಶದಾಚೆ ಶಾಂತ ಸಾಗರದ ಜನರಿಲ್ಲದ ದ್ವೀಪದಲ್ಲಿ ಇಳಿದ. ನಾಲ್ಕು ವರ್ಷ ನಾಲ್ಕು ತಿಂಗಳು ಒಬ್ಬನೇ ಇದ್ದ. 1709ರಲ್ಲಿ ಅವನನ್ನು ಕರೆತಂದ ವುಡ್ಸ್ ರೋಜರ್ಸ್ ಅವನ ಬಳಿಯಿದ್ದ ಸಾಮಾನು ಏನೇನೆಂದು ಬರೆದಿಟ್ಟಿದ್ದಾನೆ: ಬಟ್ಟೆ, ಹಾಸಿಗೆ, ಬಂದೂಕು, ಮದ್ದುಗುಂಡು, ಹೊಗೆಸೊಪ್ಪು, ಒಂದು ಕೈಕೊಡಲಿ, ಒಂದು ಚಾಕು, ಒಂದು ಪಾತ್ರೆ, ಬೈಬಲ್. ಮದ್ದು ಮುಗಿಯಿತು, ಬಂದೂಕು ಸುಮ್ಮನಾಯಿತು. ಚಾಕು ಮಾತ್ರ ಸವೆದು ಸವೆದು ಬೆನ್ನಿನವರೆಗೆ ತೇಯ್ದುಹೋಗುವವರೆಗೂ ದುಡಿಯಿತು. ಆಮೇಲೆ ದಡದಲ್ಲಿ ಬಿದ್ದಿದ್ದ ಪೀಪಾಯಿಯ ಕಬ್ಬಿಣದ ಪಟ್ಟಿಗಳನ್ನು ತಟ್ಟಿ ತೆಳ್ಳಗೆ ಮಾಡಿ, ಕಲ್ಲಿಗೆ ಉಜ್ಜಿ ಹೊಸ ಚಾಕು ಮಾಡಿಕೊಂಡ. ಡೇನಿಯಲ್ ಡಿಫೋ 1719ರಲ್ಲಿ ಬರೆದ ರಾಬಿನ್ಸನ್ ಕ್ರೂಸೋ ಕಾದಂಬರಿಯ ಹಿಂದೆ ಈ ಮನುಷ್ಯನ ನೆರಳಿದೆ.

ಸೆಲ್‌ಕರ್ಕ್‌ನ ಕೈಯಲ್ಲಿ ಉಳಿದದ್ದು ಕಲ್ಲಿಗೆ ಉಜ್ಜಿದರೆ ಮತ್ತೆ ಹರಿತವಾಗುವ ಕಬ್ಬಿಣ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ ಚಾಕುಗಳ ಮುಂದೆ ನಿಂತಾಗ ನಾನು ಕೇಳುವ ಮೊದಲ ಪ್ರಶ್ನೆಯೂ ಅದೇ: ಇದು ಮೊಂಡಾದ ದಿನ, ಕಾಲಬುಡದ ಕಲ್ಲಿನಲ್ಲಿ ಇದಕ್ಕೆ ಬಾಯಿ ಕೊಡಲು ಆಗುತ್ತದೆಯೇ? ತುಂಬ ಗಡಸು ಉಕ್ಕಿನ ದುಬಾರಿ ಚಾಕು ತಿಂಗಳುಗಟ್ಟಲೆ ಹರಿತವಾಗಿರುತ್ತದೆ, ಒಪ್ಪುತ್ತೇನೆ. ಆದರೆ ಒಮ್ಮೆ ಮೊಂಡಾದರೆ ಅದಕ್ಕೆ ವಜ್ರದ ಪುಡಿ ಮೆತ್ತಿದ ಸಾಣೆ ಬೇಕು. ನಡುಗಡ್ಡೆಯಲ್ಲಿ ಅದನ್ನು ಎಲ್ಲಿಂದ ತರುವುದು? ಉಕ್ಕಿನ ಗಡಸನ್ನು ಅಳೆಯುವ ರಾಕ್‌ವೆಲ್ ಮಾಪಕದಲ್ಲಿ 55ರಿಂದ 58ರ ಆಸುಪಾಸಿನದು ಸಾಕು. ನುಣುಪಾದ ಹೊಳೆಕಲ್ಲಿಗೆ ನೀರು ಚಿಮುಕಿಸಿ, ಅಲಗನ್ನು ಇಪ್ಪತ್ತು ಡಿಗ್ರಿಯಷ್ಟು ಓರೆ ಹಿಡಿದು ಎರಡೂ ಕಡೆ ಸಮನಾಗಿ ಉಜ್ಜಿದರೆ ಅದು ಮಾತು ಕೇಳುತ್ತದೆ. ಗರಗಸದ ಹಲ್ಲಿನಂತೆ ಕಚ್ಚು ಕಚ್ಚಾದ ಬಾಯಿಯ ಚಾಕು ಬೇಡ. ಹಗ್ಗ ಕೊಯ್ಯಲು ಅದು ಚೆನ್ನ, ಚಪ್ಪಟೆ ಕಲ್ಲಿನಲ್ಲಿ ಮಾತ್ರ ಅದನ್ನು ಸಾಣೆ ಹಿಡಿಯಲಾಗದು.

ಇನ್ನು ಮಡಚುವ ಮಾತು. ಮಡಚುವ ಚಾಕುವಿನ ಬಲಹೀನತೆ ಇರುವುದು ಅದು ಮಡಚುವ ಕಡೆಯಲ್ಲೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಕಾಡಿನಲ್ಲಿ ಬದುಕಿದವರು. ಅವರು ಕಾಡಿನ ಕೆಲಸಕ್ಕೆ ಹಿಡಿದದ್ದು ಮಡಚದ ಕತ್ತಿ. ನಮ್ಮ ಊರುಗಳಲ್ಲಿ ಎಳನೀರು ಕೆತ್ತುವ ಮಚ್ಚು, ಹುಲ್ಲು ಕೊಯ್ಯುವ ಕುಡುಗೋಲು, ರೇಷ್ಮೆಹುಳುವಿಗೆ ಸೊಪ್ಪು ಕತ್ತರಿಸುವ ಕತ್ತಿ, ಯಾವುದೂ ಮಡಚುವುದಿಲ್ಲ. ಬಲ ಹಾಕುವ ಕಡೆ ಕೀಲು ಇರಬಾರದೆಂದು ಕಮ್ಮಾರನಿಗೆ ಗೊತ್ತು. ಆಯ್ಕೆ ಕೊಟ್ಟರೆ ನಡುಗಡ್ಡೆಗೆ ನಾನೂ ಕುಲುಮೆಯಲ್ಲಿ ಲಾರಿಯ ಕಮಾನು ಪಟ್ಟಿ ಬಡಿದು ಮಾಡಿದ ಮಚ್ಚನ್ನೇ ಒಯ್ಯುತ್ತೇನೆ. ಆದರೆ ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತುವವರು ಯಾರು? ಆಪತ್ತು ಹೇಳಿ ಬರುವುದಿಲ್ಲ. ಬಂದ ದಿನ ಜೇಬಿನಲ್ಲಿ ಇದ್ದದ್ದೇ ಆಯುಧ. ಮಡಚುವ ಚಾಕುವಿನ ದೊಡ್ಡ ಗುಣ ಅದೊಂದೇ, ಅದು ನಮ್ಮ ಜೊತೆಗಿರುತ್ತದೆ.

ಹಾಗಾಗಿ ಕೀಲನ್ನು ನೋಡಿ ಕೊಳ್ಳಬೇಕು. ಜಾತ್ರೆಯಲ್ಲಿ ಸಿಗುವ ಅಗ್ಗದ ಚಾಕುಗಳಲ್ಲಿ ಅಲಗನ್ನು ಹಿಡಿದಿಡುವುದು ಒಂದು ಸ್ಪ್ರಿಂಗಿನ ಒತ್ತಡ ಮಾತ್ರ. ತುದಿಯಿಂದ ಚುಚ್ಚುವಾಗ ಅಥವಾ ಬೆನ್ನಿಗೆ ಪೆಟ್ಟು ಬಿದ್ದಾಗ ಅದು ಮಡಚಿಕೊಂಡು ನಮ್ಮ ಬೆರಳಿನ ಮೇಲೇ ಬರುತ್ತದೆ. ಆಸ್ಪತ್ರೆಯಿಲ್ಲದ ಕಡೆ ಬೆರಳು ಕೊಯ್ದುಕೊಂಡು ಗಾಯ ಕೀವಾದರೆ ಹಸಿವಿಗಿಂತ ಮೊದಲು ಅದೇ ಕೊಲ್ಲಬಹುದು. ಲಾಕು ಇರಲೇಬೇಕು. ಹಿಡಿಯ ಬೆನ್ನಿನಲ್ಲಿ ಒತ್ತಿ ಬಿಡಿಸುವ ಲಾಕು ಗಟ್ಟಿ. ಆದರೆ ಅದರ ಸಂದಿಗೆ ಮರಳು ಹೊಕ್ಕರೆ ಸರಿಯಾಗಿ ಕೂರುವುದಿಲ್ಲ, ತೊಳೆಯುತ್ತಿರಬೇಕು. ಹಿಡಿಯೊಳಗಿನ ತೆಳು ತಗಡು ಬಂದು ಅಲಗಿಗೆ ಆನಿಕೊಳ್ಳುವ ಬಗೆಯದರಲ್ಲಿ ತಗಡು ದಪ್ಪಗಿದೆಯೇ ನೋಡಿ.

ನನಗೆ ಹಿಡಿಸಿದ್ದು ಫ್ರಾನ್ಸಿನ ಬೆಟ್ಟಸೀಮೆಯ ರೈತರ ಚಾಕು ಒಪಿನೆಲ್. 1890ರಲ್ಲಿ ಜೋಸೆಫ್ ಒಪಿನೆಲ್ ಮಾಡಿದ್ದು. ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಕತ್ತಿನಲ್ಲಿ ತಿರುಗಿಸುವ ಒಂದು ಬಳೆ. ಆ ಬಳೆಯ ಲಾಕು ಬಂದದ್ದು 1955ರಲ್ಲಿ. ಎಂಟನೇ ನಂಬರಿನದರ ಅಲಗು ಎಂಟೂವರೆ ಸೆಂಟಿಮೀಟರ್, ಕೈಗೆ ಸರಿಯಾದ ಅಳತೆ. ಕೆಡಲು ಅದರಲ್ಲಿ ಹೆಚ್ಚೇನೂ ಇಲ್ಲ. ದೋಷವೂ ಇದೆ: ನೆನೆದರೆ ಮರ ಉಬ್ಬಿ ಅಲಗು ಬಿಚ್ಚದಂತೆ ಹಿಡಿದುಕೊಳ್ಳುತ್ತದೆ. ಹೊಳೆಯ ಹತ್ತಿರ ಇರುವವರು ಹಿಡಿಗೆ ಮೊದಲೇ ಎಣ್ಣೆ ಕುಡಿಸಿಡಬೇಕು. ಸ್ವಿಟ್ಜರ್ಲೆಂಡಿನ ಸೈನಿಕರ ಚಾಕುವಿನಲ್ಲಿ ಗರಗಸವಿರುವ ಬಗೆ ದೊಡ್ಡ ಉಪಕಾರಿ. ಬಿದಿರನ್ನು ಅಡ್ಡಕ್ಕೆ ಕುಯ್ಯಲು ಅದಕ್ಕೆ ಸಾಟಿಯಿಲ್ಲ. ಆದರೆ ಅದರಲ್ಲಿ ಲಾಕು ಇರುವ ದೊಡ್ಡ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಬೇಕು.

ಉಕ್ಕು ಯಾವುದು ಎಂಬುದು ನೀರನ್ನು ನೋಡಿ ತೀರ್ಮಾನಿಸುವ ಮಾತು. ಕಾವೇರಿಯ ಸಿಹಿನೀರಿನ ಗಡ್ಡೆಗಾದರೆ ಕಾರ್ಬನ್ ಉಕ್ಕು. ಬೇಗ ಹರಿತವಾಗುತ್ತದೆ, ಚಕಮಕಿ ಕಲ್ಲಿಗೆ ಅದರ ಬೆನ್ನನ್ನು ಹೊಡೆದರೆ ಕಿಡಿ ಹಾರುತ್ತದೆ. ಸ್ಟೇನ್‌ಲೆಸ್ ಉಕ್ಕು ಹಾಗೆ ಕಿಡಿ ಕೊಡುವುದಿಲ್ಲ. ನೇತ್ರಾಣಿಯಂಥ ಕಡಲ ದ್ವೀಪಕ್ಕಾದರೆ ಕಾರ್ಬನ್ ಉಕ್ಕು ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ; ಅಲ್ಲಿ ಸ್ಟೇನ್‌ಲೆಸ್ಸೇ ಸರಿ. ತೆಂಗು ಇರುವ ಕಡೆ ಇನ್ನೊಂದು ಉಪಾಯವುಂಟು. ಬಲಿತ ಕಾಯಿಯ ತಿರುಳನ್ನು ಅಲಗಿಗೆ ತಿಕ್ಕಿದರೆ ಎಣ್ಣೆಯ ಪಸೆ ಅಂಟಿ ತುಕ್ಕು ತಡವಾಗುತ್ತದೆ.

ಮೂರೂವರೆ ಅಂಗುಲದ ಅಲಗಿನಲ್ಲಿ ಮರ ಕಡಿಯಲು ಹೋಗಬಾರದು. ಅಲಗಿನ ಬೆನ್ನಿಗೆ ಕೊರಡಿನಿಂದ ಬಡಿದು ಸೌದೆ ಸೀಳುವುದನ್ನು ಕೆಲವರು ತೋರಿಸುತ್ತಾರೆ. ಮಡಚುವ ಚಾಕುವಿನಲ್ಲಿ ಹಾಗೆ ಮಾಡಿದರೆ ಕೀಲಿನ ಮೊಳೆ ಸಡಿಲಾಗಿ ಚಾಕು ಅಲ್ಲಿಗೆ ಮುಗಿಯಿತು. ಸಣ್ಣ ಚಾಕುವಿನ ಕೆಲಸ ಬೇರೆ ಸಲಕರಣೆ ಹುಟ್ಟಿಸುವುದು. ಗಟ್ಟಿ ಕೋಲಿನ ತುದಿಯನ್ನು ಹೆರೆದು ನೆಲಕ್ಕೆ ನೆಟ್ಟರೆ ತೆಂಗಿನಕಾಯಿ ಸುಲಿಯುವ ಗೂಟ. ಸುಲಿದ ಕಾಯಿಯ ಮೂರು ಕಣ್ಣಿನಲ್ಲಿ ಮೆತ್ತಗಿರುವ ಒಂದನ್ನು ಚಾಕುವಿನ ತುದಿಯಿಂದ ಚುಚ್ಚಿದರೆ ಕುಡಿಯಲು ನೀರು. ಇನ್ನೊಂದು ಕೋಲು ಹೆರೆದರೆ ಗೆಣಸು ಅಗೆಯುವ ಸಾಧನ. ಒಣ ಬಿದಿರಿನ ಎರಡು ಸೀಳು ಮಾಡಿ, ಒಂದರ ಅಂಚನ್ನು ಇನ್ನೊಂದರ ಕಚ್ಚಿನಲ್ಲಿ ಬಿರುಸಾಗಿ ಉಜ್ಜಿದರೆ ಕೆಂಡ. ಚಾಕುವನ್ನು ಹೀಗೆ ಬಳಸುವವನಿಗೆ ಅದು ವರ್ಷಗಟ್ಟಲೆ ಬಾಳುತ್ತದೆ. ಹಿಡಿಯಲ್ಲಿ ದಾರ ಪೋಣಿಸುವ ತೂತು ಇರುವುದನ್ನೇ ಆರಿಸಿ; ಉಡಿದಾರಕ್ಕೆ ಬೀಗದ ಕೈ ಕಟ್ಟಿಕೊಳ್ಳುವ ನಮ್ಮ ಹಿರಿಯರ ರೂಢಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೊಳೆಗೆ ಬಿದ್ದ ಚಾಕುವನ್ನು ಹುಡುಕಿ ತೆಗೆದವರಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಸುತ್ತಲಿನ ಕಾಡು ಬಹುಪಾಲು ರಕ್ಷಿತ: ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಕಾವೇರಿ ವನ್ಯಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿಯಿಲ್ಲದೆ ವನ್ಯಧಾಮದೊಳಗೆ ಆಯುಧ ಒಯ್ಯುವಂತಿಲ್ಲ, ಮತ್ತು ಆ ಕಾಯ್ದೆ ಆಯುಧವೆಂದು ಎಣಿಸುವ ಪಟ್ಟಿಯಲ್ಲಿ ಚಾಕುವೂ ಇದೆ. ಕಾಡಿನ ಬದುಕನ್ನು ಅಭ್ಯಾಸ ಮಾಡುತ್ತೇನೆಂದು ಚಾಕು ಹಿಡಿದು ಆ ಕಡೆ ಹೋಗಬೇಡಿ. ಅಭ್ಯಾಸಕ್ಕೆ ನಿಮ್ಮ ಹಿತ್ತಲು, ತೋಟ ಸಾಕು.

ಕೊಳ್ಳುವುದಾದರೆ ಲಾಕು ಇರುವ, ಒಂದೇ ಅಲಗಿನ, ನೇರ ಬಾಯಿಯ ಸಾದಾ ಚಾಕು ಕೊಳ್ಳಿ. ಕೊಂಡ ಮೇಲೆ ಅದನ್ನು ಬೇಕೆಂದೇ ಮೊಂಡು ಮಾಡಿ, ಹತ್ತಿರದ ಕುಲುಮೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ, ಸಾಣೆ ಹಿಡಿಯುವುದನ್ನು ಕೇಳಿ ಕಲಿಯಿರಿ. ಕುಲುಮೆಗಳು ಒಂದೊಂದಾಗಿ ಆರುತ್ತಿವೆ. ಹೇಳಿಕೊಡುವ ಕೈಗಳು ಇನ್ನೂ ಇರುವಾಗಲೇ ಹೋಗಿ.