ಅಪ್ಪನ ಗೊರಕೆ, ಡಾಕ್ಟರ್‌ಗಳ ವಿಡಿಯೋ ಕ್ಲಾಸು

ಬಸ್ಸಲ್ಲಿ ಕೂತು ಕೇಳ್ತಿದ್ದೀರಾ? ಪಕ್ಕದ ಸೀಟಿನವರು ಬೆಳಗ್ಗೆ ಒಂಬತ್ತಕ್ಕೇ ತೂಕಡಿಸ್ತಿದ್ದಾರಾ? ಇವತ್ತಿನ ಎಪಿಸೋಡ್ ಅಂಥವರ ಬಗ್ಗೆ. ನಮ್ಮಪ್ಪನ ಬಗ್ಗೆಯೂ.

ಅಪ್ಪ ಲಾರಿ ಡ್ರೈವರ್. ಅವರ ಗೊರಕೆ ನಮ್ಮನೇಲಿ ಹಳೇ ಜೋಕು. ಜೋರು ಗೊರಕೆ ಇದ್ದಕ್ಕಿದ್ದಂತೆ ನಿಲ್ಲೋದು, ಆಮೇಲೆ ಗಕ್ಕನೆ ಉಸಿರೆಳೆದು ಮತ್ತೆ ಶುರುವಾಗೋದು. ಬಿಪಿ ಮಾತ್ರೆ ಒಂದಿದ್ದಿದ್ದು ಮೂರಾಯ್ತು. ‘ನಿದ್ದೆ ಹೇಗೆ ಬರುತ್ತೆ?’ ಅಂತ ಯಾವ ಡಾಕ್ಟರೂ ಕೇಳಲಿಲ್ಲ. ಒಂದು ರಾತ್ರಿ ಸ್ಟೇರಿಂಗ್ ಹಿಡಿದಿದ್ದಾಗಲೇ ಕಣ್ಣು ಮುಚ್ಚಿತು. ಲಾರಿ ಡಿವೈಡರ್‌ಗೆ ಉಜ್ಜಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕಾಯಿಲೆಯ ಹೆಸರು ಗೊತ್ತಾಗಿದ್ದು ಅದಾದ ಮೇಲೆ: ಸ್ಲೀಪ್ ಆಪ್ನಿಯಾ.

ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ. ಆಕ್ಸಿಜನ್ ಇಳಿಯುತ್ತೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತೆ. ನಮಗೆ ಅದು ನೆನಪೂ ಇರಲ್ಲ. ಗಂಟೆಗೆ 30 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರು ಹೀಗೆ ತಡೆದರೆ ಅದು ತೀವ್ರ ಹಂತ. ಬಿಪಿ ಏರೋದಕ್ಕೂ ಇದು ಕಾರಣ.

ಹಾಗಾದ್ರೆ ಡಾಕ್ಟರ್ ಯಾಕೆ ಕೇಳಲಿಲ್ಲ? ನಾನೂ ಸಿಟ್ಟಾಗಿದ್ದೆ. ಆದರೆ ಎಂಬಿಬಿಎಸ್‌ನಲ್ಲಿ ನಿದ್ದೆಯ ಕಾಯಿಲೆಗಳಿಗೆ ಸಿಗೋ ಸಮಯ ತೀರಾ ಕಡಿಮೆ. ಸ್ಪೆಷಲಿಸ್ಟ್‌ಗಳು ಇರೋದು ದೊಡ್ಡ ಊರುಗಳಲ್ಲಿ.

ಇದಕ್ಕೊಂದು ದಾರಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 2003ರಲ್ಲಿ ಶುರುವಾಯ್ತು. ಲಿವರ್ ತಜ್ಞ ಡಾ. ಸಂಜೀವ್ ಅರೋರಾ ಅವರ ಕ್ಲಿನಿಕ್‌ನಲ್ಲಿ ಹೆಪಟೈಟಿಸ್ ಸಿ ರೋಗಿಗಳು ತಿಂಗಳುಗಟ್ಟಲೆ ಕಾಯಬೇಕಿತ್ತು. ರೋಗಿಯನ್ನು ಸಿಟಿಗೆ ಕರೆಸೋ ಬದಲು ವಿದ್ಯೆಯನ್ನೇ ಹಳ್ಳಿಗೆ ಕಳಿಸಿದರು. ಅದೇ ಪ್ರಾಜೆಕ್ಟ್ ಎಕೋ. ಹಳ್ಳಿಯ ಡಾಕ್ಟರ್‌ಗಳು ವಿಡಿಯೋ ಕಾಲ್‌ಗೆ ಸೇರ್ತಾರೆ. ಒಬ್ಬರು ತಮ್ಮ ರೋಗಿಯ ಕೇಸನ್ನು ಹೆಸರು ಹೇಳದೆ ಮುಂದಿಡ್ತಾರೆ. ತಜ್ಞರು, ಬೇರೆ ಡಾಕ್ಟರ್‌ಗಳು ಸಲಹೆ ಕೊಡ್ತಾರೆ. ಚಿಕಿತ್ಸೆ ಮಾತ್ರ ಊರಿನ ಡಾಕ್ಟರದ್ದೇ. 2011ರಲ್ಲಿ ಬಂದ ಅಧ್ಯಯನದಲ್ಲಿ ವಿಶ್ವವಿದ್ಯಾಲಯದ ಕ್ಲಿನಿಕ್‌ನಲ್ಲಿ ಗುಣವಾದವರು ಶೇ. 57.5, ಎಕೋ ಕೇಂದ್ರಗಳಲ್ಲಿ ಶೇ. 58.2.

ಅಮೆರಿಕದ ಮಾಜಿ ಸೈನಿಕರ ಆರೋಗ್ಯ ಇಲಾಖೆಯ ಸಿಯಾಟಲ್ ತಂಡ ಇದೇ ಪದ್ಧತಿಯನ್ನು ನಿದ್ದೆಯ ಕಾಯಿಲೆಗಳಿಗೆ ತಂದಿತು. ಒಬ್ಬ ಸಾಮಾನ್ಯ ಡಾಕ್ಟರ್ ಕಲೀಬೇಕಾದ್ದು ದೊಡ್ಡ ಯಂತ್ರವಿದ್ಯೆ ಏನಲ್ಲ. ‘ಸ್ಟಾಪ್-ಬ್ಯಾಂಗ್’ ಅನ್ನೋ ಎಂಟು ಹೌದು-ಇಲ್ಲ ಪ್ರಶ್ನೆಗಳಿವೆ: ಗೊರಕೆ, ಹಗಲು ಸುಸ್ತು, ಉಸಿರು ನಿಂತಿದ್ದನ್ನು ಯಾರಾದ್ರೂ ನೋಡಿದ್ದು, ಬಿಪಿ, ತೂಕ, ವಯಸ್ಸು, ಕತ್ತಿನ ಸುತ್ತಳತೆ, ಗಂಡೋ ಹೆಣ್ಣೋ. ಯಾರನ್ನು ಟೆಸ್ಟ್‌ಗೆ ಕಳಿಸಬೇಕು ಅನ್ನೋದು ಇದರಿಂದ ಅಂದಾಜಾಗುತ್ತೆ.

ನಾನು ಬಿ.ಕಾಂ. ಓದಿದವನು, ಲೆಕ್ಕ ಹೀಗೆ ನೋಡ್ತೀನಿ: ತಜ್ಞರ ಒಂದು ಗಂಟೆ ಒಬ್ಬ ರೋಗಿಗೆ ಹೋದರೆ ಅಲ್ಲಿಗೆ ಮುಗೀತು. ಇಪ್ಪತ್ತು ಡಾಕ್ಟರ್‌ಗಳಿಗೆ ಹೋದರೆ ಅದು ಬಡ್ಡಿ ಸಮೇತ ಬೆಳೆಯುತ್ತೆ. ಆದರೆ ಕ್ಲಾಸಿನಿಂದ ಸಿಪ್ಯಾಪ್ ಯಂತ್ರದ ದುಡ್ಡು ಹುಟ್ಟಲ್ಲ, ಅದೂ ನಿಜ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಮತ್ತು ವ್ಯಸನದ ವಿಷಯದಲ್ಲಿ ಇದೇ ಮಾದರಿಯಲ್ಲಿ ಡಾಕ್ಟರ್‌ಗಳಿಗೆ ತರಬೇತಿ ಕೊಡ್ತಿದೆ. ದಾರಿ ಇದೆ, ನಿದ್ದೆಯ ಕಾಯಿಲೆಗಳೂ ಅದರಲ್ಲಿ ಸಾಗಬೇಕು.

ಅಲ್ಲಿವರೆಗೆ? ಮನೇಲಿ ಯಾರದ್ದಾದ್ರೂ ಗೊರಕೆ ನಡುವೆ ನಿಂತು ನಿಂತು ಬಂದ್ರೆ, ಅವರಿಗೆ ಹೇಳಿ ಫೋನಲ್ಲಿ ರೆಕಾರ್ಡ್ ಮಾಡಿ, ಡಾಕ್ಟರ್‌ಗೆ ಕೇಳಿಸಿ. ಅವರು ಕೇಳದಿದ್ರೂ ನೀವೇ ಹೇಳಿ. ನಾವು ನಕ್ಕು ಸುಮ್ಮನಾದ್ವಿ, ನೀವು ಹಾಗೆ ಮಾಡ್ಬೇಡಿ. ಮುಂದಿನ ವಾರ ಸಿಗೋಣ.